ಪುಟ್ಟ ಟರ್ನ್‌ಟೇಬಲ್: ಅಂಚಿನ ಅರ್ಧ ಮಿಲಿಮೀಟರ್‌ನ ಲೆಕ್ಕ

ಟರ್ನ್‌ಟೇಬಲ್ ಅಂದರೆ ದುಂಡು ಗುಂಡಿಯೊಳಗೆ ನಡುವಿನ ಶಾಫ್ಟಿನ ಮೇಲೆ ತಿರುಗುವ ಹಳಿಯ ಸೇತುವೆ. ಮಾದರಿ ರೈಲಿನ ಲೇಔಟ್‌ನಲ್ಲಿ ಅದು ಎರಡು ಕೆಲಸ ಮಾಡುತ್ತದೆ. ಉಗಿ ಎಂಜಿನ್ನಿನ ಮುಖ ತಿರುಗಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಇನ್ನೊಂದು, ಒಂದೇ ಜಾಗದಿಂದ ಐದಾರು ಹಳಿಗಳಿಗೆ ದಾರಿ ಕೊಡುವುದು. ಜಾಗ ಕಡಿಮೆ ಇರುವವರಿಗೆ ಈ ಎರಡನೆಯದೇ ದೊಡ್ಡ ಲಾಭ. ಎಚ್‌ಒ ಅಳತೆಯ (1:87) ಒಂದು ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ತುಂಡು, ಸುಮಾರು 180ರಿಂದ 220 ಮಿ.ಮೀ. ಉದ್ದ ತಿನ್ನುತ್ತದೆ. ಐದು ಹಳಿಗಳ ಎಂಜಿನ್ ಶೆಡ್ಡಿಗೆ ನಾಲ್ಕು ಪಾಯಿಂಟ್ ಬೇಕು, ಅಂದರೆ ಶೆಡ್ಡಿನ ಬಾಗಿಲಿಗೆ ಬರುವಷ್ಟರಲ್ಲೇ ಮುಕ್ಕಾಲು ಮೀಟರ್ ಹೋಯಿತು. 200 ಮಿ.ಮೀ. ವ್ಯಾಸದ ಟರ್ನ್‌ಟೇಬಲ್ ಅದೇ ಕೆಲಸವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಮುಗಿಸುತ್ತದೆ.

ಚಿಕ್ಕದು ಮಾಡಿದರೆ ರಾಜಿ ಮಾಡಿಕೊಂಡ ಹಾಗೆ ಎಂಬ ಭಾವನೆ ಇದೆ. ಲೆಕ್ಕ ಬೇರೆ ಹೇಳುತ್ತದೆ. ನಡುವಿನ ಶಾಫ್ಟ್ 1 ಡಿಗ್ರಿ ತಪ್ಪಿ ನಿಂತರೆ 100 ಮಿ.ಮೀ. ದೂರದ ಅಂಚಿನಲ್ಲಿ ಹಳಿ 1.75 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ; 165 ಮಿ.ಮೀ. ದೂರದಲ್ಲಾದರೆ 2.9 ಮಿ.ಮೀ. ಹಳಿಗಳ ತುದಿ 0.3 ಮಿ.ಮೀ.ಗಿಂತ ಹೆಚ್ಚು ತಪ್ಪಿದರೆ ಚಕ್ರ ಎಗರುವ ಸಾಧ್ಯತೆ ಶುರು. ಹಾಗಾಗಿ ಸೇತುವೆ ಚಿಕ್ಕದಾದಷ್ಟೂ ಕೆಲಸ ಸುಲಭ. ಅದಕ್ಕೆ ತೆರಬೇಕಾದ ಬೆಲೆ ಒಂದೇ: ಯಾವ ಎಂಜಿನ್ ಹತ್ತಬಹುದು ಎಂಬುದು ಮೊದಲೇ ಕಟ್ಟುನಿಟ್ಟಾಗಿ ತೀರ್ಮಾನವಾಗಿಬಿಡುತ್ತದೆ.

ಉದ್ದ ಅಳೆಯುವುದು ಚಕ್ರದಿಂದ, ಬಫರಿನಿಂದಲ್ಲ

ಟರ್ನ್‌ಟೇಬಲ್‌ಗೆ ಬೇಕಾದದ್ದು ಎಂಜಿನ್ನಿನ ಪೂರ್ತಿ ಉದ್ದವಲ್ಲ, ಮೊದಲ ಚಕ್ರದಿಂದ ಕೊನೆಯ ಚಕ್ರದವರೆಗಿನ ದೂರ. ಟೆಂಡರ್ (ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿ) ಇದ್ದರೆ ಅದರ ಕೊನೆಯ ಚಕ್ರದವರೆಗೆ. ಅದಕ್ಕೆ 10 ಮಿ.ಮೀ. ಸೇರಿಸಿ. ಬಫರುಗಳು (ಎಂಜಿನ್ನಿನ ತುದಿಯಲ್ಲಿ ಡಿಕ್ಕಿ ತಡೆಯುವ ಗುಂಡುಗಳು) ಗುಂಡಿಯ ಅಂಚನ್ನು ದಾಟಿ ಹೊರಗೆ ಚಾಚಿದರೂ ತೊಂದರೆಯಿಲ್ಲ. ಆದರೆ ಅವು ತಿರುಗುವಾಗ ತಾಗುವಂಥದ್ದೇನೂ ಅಂಚಿನ ಸುತ್ತ 25-30 ಮಿ.ಮೀ. ಒಳಗೆ ಇರಬಾರದು: ದೀಪದ ಕಂಬ, ಬೇಲಿ, ಅಂಚಿಗೆ ಒತ್ತಿ ನಿಲ್ಲಿಸಿದ ಇನ್ನೊಂದು ಎಂಜಿನ್.

ನಿಜವಾದ 50 ಅಡಿಯ ಟರ್ನ್‌ಟೇಬಲ್ ಎಚ್‌ಒದಲ್ಲಿ 175 ಮಿ.ಮೀ., 1:76.2ರ ಒಒ ಅಳತೆಯಲ್ಲಿ 200, 1:160ರ ಎನ್ ಅಳತೆಯಲ್ಲಿ 95 ಮಿ.ಮೀ. ಆಗುತ್ತದೆ. 65 ಅಡಿಯದು ಕ್ರಮವಾಗಿ 228, 260, 124. 200 ಮಿ.ಮೀ. ಸೇತುವೆಯ ಮೇಲೆ ಟೆಂಡರ್ ಇಲ್ಲದ ಟ್ಯಾಂಕ್ ಎಂಜಿನ್, ಶಂಟಿಂಗ್ ಡೀಸೆಲ್, ಸಣ್ಣ ಟೆಂಡರ್ ಎಂಜಿನ್ ಆರಾಮವಾಗಿ ಕೂರುತ್ತವೆ. ದೊಡ್ಡ ಎಕ್ಸ್‌ಪ್ರೆಸ್ ಎಂಜಿನ್ನುಗಳ ಆಸೆ ಬಿಡಬೇಕು. ಬ್ರಿಟನ್ನಿನ ಎ4 ದರ್ಜೆಯ ಎಂಜಿನ್ ಮತ್ತು ಟೆಂಡರಿನ ಒಟ್ಟು ಚಕ್ರಾಂತರ ಸುಮಾರು 18.57 ಮೀಟರ್; ಒಒದಲ್ಲಿ ಅದು 244 ಮಿ.ಮೀ. ಎಷ್ಟು ಜಾಣತನ ಮಾಡಿದರೂ 200ರ ಮೇಲೆ ನಿಲ್ಲದು.

ಚಿಕ್ಕದನ್ನು ಮಾಡುವವರಿಗೆ ಒಳ್ಳೆಯ ನಿಜ ಮಾದರಿಯೊಂದಿದೆ: ಅಮೆರಿಕದ ಹಳೆಯ ಗ್ಯಾಲೋಸ್ ಟರ್ನ್‌ಟೇಬಲ್. ಸೇತುವೆಯ ನಡುವೆ ಎತ್ತರದ ಚೌಕಟ್ಟು ನಿಲ್ಲಿಸಿ, ಅದರ ತಲೆಯಿಂದ ಎರಡೂ ತುದಿಗೆ ಕಬ್ಬಿಣದ ಸರಳುಗಳನ್ನು ಬಿಗಿದು ಭಾರ ಹೊರಿಸಿದ್ದರು. ಕೆಳಗೆ ದಪ್ಪ ತೊಲೆ ಬೇಡವಾದ್ದರಿಂದ ಗುಂಡಿ ಆಳವಿರಲಿಲ್ಲ. ತೆಳು ಬೇಸ್‌ಬೋರ್ಡ್ (ಲೇಔಟ್ ಕೂರುವ ಹಲಗೆ) ಇರುವವರಿಗೆ ಇದು ವರ.

ಎಷ್ಟು ಹಳಿ, ಎಷ್ಟು ಕೋನ

ಗುಂಡಿಯ ತ್ರಿಜ್ಯ 100 ಮಿ.ಮೀ. ಇದ್ದರೆ, 16.5 ಮಿ.ಮೀ. ಗೇಜಿನ ಎರಡು ಹಳಿಜೋಡಿಗಳು ಅಂಚಿನಲ್ಲಿ ಒಂದನ್ನೊಂದು ತುಳಿಯದಿರಲು ಕನಿಷ್ಠ ಹತ್ತೂವರೆ ಡಿಗ್ರಿ ಅಂತರ ಬೇಕು. ಅದಕ್ಕಿಂತ ಹತ್ತಿರ ತಂದರೆ ಹಳಿಗಳು ಕೂಡುವಲ್ಲಿ ಫ್ರಾಗ್, ಅಂದರೆ ಚಕ್ರದ ಅಂಚು ದಾಟಲು ಸೀಳು ಬಿಟ್ಟ ತುಂಡು, ಕತ್ತರಿಸಬೇಕಾಗುತ್ತದೆ. ಚಿಕ್ಕ ಟರ್ನ್‌ಟೇಬಲ್‌ಗೆ ಆ ರಗಳೆ ಅನಗತ್ಯ. 15 ಡಿಗ್ರಿ ಇಟ್ಟುಕೊಳ್ಳಿ. ಅಟ್ಲಾಸ್ ಕಂಪನಿಯ ಎಚ್‌ಒ ಟರ್ನ್‌ಟೇಬಲ್ ಕೂಡ 15 ಡಿಗ್ರಿಗೊಮ್ಮೆ ನಿಲ್ಲುವಂಥದ್ದು. ಅದರೊಳಗಿನ ಜಿನೀವಾ ಗೇರ್, ಮೋಟರು ತಿರುಗುತ್ತಿದ್ದರೂ ಪ್ರತಿ ನಿಲುಗಡೆಯಲ್ಲಿ ಸೇತುವೆಯನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ. ಅದಕ್ಕೆ ಗುಂಡಿಯೇ ಬೇಡ, ಬೋರ್ಡಿನ ಮೇಲೆ ಕೂರುತ್ತದೆ. ನೋಡಲು ಸಪ್ಪೆ, ಆದರೆ ಕೆಲಸಕ್ಕೆ ಗಟ್ಟಿ.

ಕೋನದ ಜೊತೆ ಇನ್ನೊಂದು ಲೆಕ್ಕವೂ ಇದೆ, ಅದನ್ನು ಕಾಗದದ ಮೇಲೆ ಮಾಡದೆ ಹೊರಟವರ ಶೆಡ್ ಬೋರ್ಡಿನಿಂದ ಹೊರಗೆ ಬೀಳುತ್ತದೆ. ಪಕ್ಕಪಕ್ಕದ ಹಳಿಗಳ ಮೇಲೆ ಎರಡು ಎಚ್‌ಒ ಎಂಜಿನ್ ತಾಗದೆ ನಿಲ್ಲಲು ನಡುಗೆರೆಗಳ ನಡುವೆ 50 ಮಿ.ಮೀ. ಬೇಕು. 15 ಡಿಗ್ರಿಯಲ್ಲಿ ಹರಡುವ ಹಳಿಗಳು ಅಷ್ಟು ದೂರವಾಗುವುದು ಕೇಂದ್ರದಿಂದ ಸುಮಾರು 192 ಮಿ.ಮೀ.ಗೆ, ಅಂದರೆ ಗುಂಡಿಯ ಅಂಚಿನಿಂದ 92 ಮಿ.ಮೀ. ಆಚೆ. 10 ಡಿಗ್ರಿ ಮಾಡಿದರೆ ಕೇಂದ್ರದಿಂದ 287 ಮಿ.ಮೀ. ಹೋಗಬೇಕು. ಕೋನ ಕಡಿಮೆ ಮಾಡಿ ಜಾಗ ಉಳಿಸುತ್ತೇವೆ ಎಂದುಕೊಂಡವರು ಉದ್ದದಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ. 15 ಡಿಗ್ರಿಯ ಲೆಕ್ಕದಲ್ಲಿ 200 ಮಿ.ಮೀ. ಉದ್ದದ ಶೆಡ್ ಸೇರಿ ಕೇಂದ್ರದಿಂದ ಹಿಂಗೋಡೆಗೆ ಸುಮಾರು 390 ಮಿ.ಮೀ.

ಗುಂಡಿಗೆ ಬರುವ ಪ್ರತಿ ಹಳಿಯ ಕೊನೆಯ 50 ಮಿ.ಮೀ.ಯಾದರೂ ನೇರವಾಗಿರಲಿ, ಕೇಂದ್ರದತ್ತಲೇ ನೋಡುತ್ತಿರಲಿ. ತಿರುವಿನಲ್ಲೇ ಸೇತುವೆ ಹತ್ತಿಸಿದರೆ ಮುಂದಿನ ಚಕ್ರ ಹಳಿಯ ತುದಿಯನ್ನು ಓರೆಯಾಗಿ ಗುದ್ದುತ್ತದೆ.

ಬಿಡಿ ಘಟಕವಾಗಿ ಕಟ್ಟಿ

ಈಗಾಗಲೇ ಇರುವ ಲೇಔಟ್‌ನಲ್ಲಿ ತೂತು ಕೊರೆದು, ಬೋರ್ಡಿನ ಕೆಳಗೆ ಮಲಗಿಕೊಂಡು ಟರ್ನ್‌ಟೇಬಲ್ ಜೋಡಿಸುವುದು ಕೆಲಸ ಕೆಡಿಸುವ ಖಚಿತ ದಾರಿ. 280 ಮಿ.ಮೀ. ಚೌಕದ 12 ಮಿ.ಮೀ. ಪ್ಲೈವುಡ್ ಹಲಗೆಯಲ್ಲಿ ಇಡೀ ಘಟಕವನ್ನು ಮೇಜಿನ ಮೇಲೆ ಕಟ್ಟಿ, ಪರೀಕ್ಷಿಸಿ, ಆಮೇಲೆ ಲೇಔಟ್‌ಗೆ ಇಳಿಸಿ. ನಡುವಿನ 200 ಮಿ.ಮೀ. ವೃತ್ತ ಕತ್ತರಿಸಿದ ಮೇಲೆ ಸುತ್ತ ಕನಿಷ್ಠ 40 ಮಿ.ಮೀ. ಅಂಚು ಉಳಿಯುತ್ತದೆ. ಬರುವ ಹಳಿಗಳ ಕೊನೆಯ 40 ಮಿ.ಮೀ. ಇದೇ ಅಂಚಿನ ಮೇಲೆ ಬಿಗಿಯಾಗಿ ಕೂರಬೇಕು. ಆಗ ಬೇಸ್‌ಬೋರ್ಡ್ ಹಿಗ್ಗಲಿ ಕುಗ್ಗಲಿ, ಸೇತುವೆಗೂ ಹಳಿಗೂ ನಡುವಿನ ಸಂಬಂಧ ಬದಲಾಗುವುದಿಲ್ಲ. ಹಲಗೆಯ ಎಲ್ಲ ಮುಖಗಳಿಗೂ, ಕತ್ತರಿಸಿದ ಅಂಚಿಗೂ ಸೇರಿ, ಮೊದಲೇ ಎರಡು ಕೋಟ್ ವಾರ್ನಿಷ್ ಹೊಡೆಯಿರಿ. ತೇವ ಕುಡಿದ ಪ್ಲೈವುಡ್‌ನಲ್ಲಿ ದುಂಡು ವೃತ್ತ ದುಂಡಾಗಿ ಉಳಿಯುವುದಿಲ್ಲ.

ವೃತ್ತವನ್ನು ರೂಟರ್‌ಗೆ (ಮರ ಕೊರೆಯುವ ಯಂತ್ರ) ತ್ರಿಜ್ಯದ ಪಟ್ಟಿ ಸಿಕ್ಕಿಸಿ ಕೊರೆಯುವುದು ಒಳ್ಳೆಯದು. ಕೈಗರಗಸದಲ್ಲಿ ಕತ್ತರಿಸಿದ್ದರೆ ಒಳಗೋಡೆಗೆ 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಪಟ್ಟಿ ಬಾಗಿಸಿ ಅಂಟಿಸಿ ಸರಿಪಡಿಸಬಹುದು. ಗುಂಡಿಯ ತಳಕ್ಕೆ ಇನ್ನೊಂದು ಪ್ಲೈವುಡ್ ತುಂಡು. ಲೇಔಟ್‌ನಲ್ಲಿ ಜಾಗ ಆರಿಸುವ ಮುನ್ನ ಕೆಳಗೆ ಅಡ್ಡಪಟ್ಟಿ ಇದೆಯೇ ನೋಡಿಕೊಳ್ಳಿ; ಶಾಫ್ಟ್ ಮತ್ತು ಗೇರಿಗೆ 80ರಿಂದ 100 ಮಿ.ಮೀ. ಖಾಲಿ ಆಳ ಬೇಕು. ಇಳಿಸುವಾಗ ನಾಲ್ಕು ಮೂಲೆಗೆ ಎಂ4 ಸ್ಕ್ರೂ ಕೊಟ್ಟರೆ ರಸಮಟ್ಟ ಇಟ್ಟು ಮಟ್ಟ ಹೊಂದಿಸಬಹುದು.

ಶಾಫ್ಟ್: ಎಲ್ಲ ತೊಂದರೆಗಳ ತವರು

ಪ್ಲೈವುಡ್ಡಿನಲ್ಲಿ ಒಂದು ತೂತು, ಅದರಲ್ಲಿ ಒಂದು ಬೋಲ್ಟು — ಇದು ಸಾಲದು. ಸೇತುವೆಯ ತುದಿ ಕುಲುಕುವುದು ಇಲ್ಲಿಂದಲೇ. ಬೇಕಾದದ್ದು ಎರಡು 608 ಬೇರಿಂಗ್ (8 ಮಿ.ಮೀ. ಒಳವ್ಯಾಸ, 22 ಹೊರವ್ಯಾಸ, 7 ದಪ್ಪ, ಸ್ಕೇಟ್ ಚಕ್ರಗಳಲ್ಲಿ ಇರುವಂಥವೇ) ಮತ್ತು 8 ಮಿ.ಮೀ. ಹಿತ್ತಾಳೆ ಕೊಳವೆ. ಕೊಳವೆ ಟೊಳ್ಳಾಗಿರುವುದರಿಂದ ಸೇತುವೆಯ ವೈರುಗಳು ಅದರೊಳಗಿಂದಲೇ ಇಳಿಯುತ್ತವೆ. ಎರಡು ಬೇರಿಂಗ್‌ಗಳ ನಡುವೆ ಕನಿಷ್ಠ 40 ಮಿ.ಮೀ. ದೂರ ಇರಲಿ. 40 ಮಿ.ಮೀ. ಅಂತರದಲ್ಲಿ 0.1 ಮಿ.ಮೀ. ಸಡಿಲ ಇದ್ದರೆ ಸೇತುವೆಯ ತುದಿ 0.25 ಮಿ.ಮೀ. ಏರಿಳಿಯುತ್ತದೆ, ಅಂತರವನ್ನು 20ಕ್ಕೆ ಇಳಿಸಿದರೆ ಅರ್ಧ ಮಿ.ಮೀ. ಒಂದೇ ಬೇರಿಂಗ್ ಹಾಕಿದರೆ ಲೆಕ್ಕವೇ ಬೇಡ.

ಮೇಲಿನ ಬೇರಿಂಗನ್ನು ಗುಂಡಿಯ ತಳದಲ್ಲಿ ಮೊದಲು ಕೂರಿಸಿ. ಕೆಳಗಿನದನ್ನು ಒಂದು ಬಿಡಿ ಮರದ ತುಂಡಿನಲ್ಲಿ ಕೂರಿಸಿ, ಸ್ಕ್ರೂ ತೂತುಗಳನ್ನು ಬೇಕೆಂದೇ ದೊಡ್ಡದಾಗಿ ಕೊರೆದು, ಅರೆಬಿಗಿ ಮಾಡಿ ಬಿಡಿ. ಶಾಫ್ಟಿಗೆ 100 ಮಿ.ಮೀ. ಉದ್ದದ ತಂತಿಯ ಮುಳ್ಳೊಂದನ್ನು ಕಟ್ಟಿ ಅಂಚಿನ ಸುತ್ತ ತಿರುಗಿಸಿ. ಮುಳ್ಳಿಗೂ ಹಲಗೆಗೂ ನಡುವಿನ ಎತ್ತರ ಒಂದು ಕಡೆ ಹೆಚ್ಚು, ಎದುರು ಕಡೆ ಕಡಿಮೆ ಬಂದರೆ ಶಾಫ್ಟ್ ವಾಲಿದೆ ಎಂದರ್ಥ. ಕೆಳಗಿನ ತುಂಡನ್ನು ಸರಿಸುತ್ತ ನಾಲ್ಕೂ ದಿಕ್ಕಿನಲ್ಲಿ ಎತ್ತರ ಒಂದೇ ಆದ ಮೇಲೆ ಸ್ಕ್ರೂ ಬಿಗಿದು ಎಪಾಕ್ಸಿ ಹಾಕಿ. ಅರ್ಧ ಗಂಟೆಯ ಈ ತಾಳ್ಮೆ ಆಮೇಲಿನ ಎಷ್ಟೋ ಸಂಜೆಗಳನ್ನು ಉಳಿಸುತ್ತದೆ. ಸೇತುವೆಯ ಭಾರ ಮೇಲಿನ ಬೇರಿಂಗಿನ ಮೇಲೆ ಒಂದು ಕಾಲರ್ (ಶಾಫ್ಟಿಗೆ ಬಿಗಿದ ಉಂಗುರ) ಮೂಲಕ ಕೂರುತ್ತದೆ. ಎತ್ತರ ಹೊಂದಿಸಲು ಕಾಲರ್ ಕೆಳಗೆ 0.1 ಮತ್ತು 0.2 ಮಿ.ಮೀ. ಶಿಮ್ ವಾಷರ್‌ಗಳು (ತೆಳು ಬಿಲ್ಲೆಗಳು) ಸಾಕು.

ಸೇತುವೆ

ಸರ್ಕ್ಯೂಟ್ ಬೋರ್ಡಿಗೆ ಬಳಸುವ 1.6 ಮಿ.ಮೀ. ತಾಮ್ರದ ಹೊದಿಕೆಯ ಹಲಗೆಗಿಂತ ಒಳ್ಳೆಯ ಸೇತುವೆ ತಳ ಇನ್ನೊಂದಿಲ್ಲ. 199 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ತಾಮ್ರವನ್ನು ನಡುವೆ ಉದ್ದಕ್ಕೂ ಗೀರಿ ಎರಡು ಭಾಗ ಮಾಡಿದರೆ ಹಳಿಗಳನ್ನು ನೇರ ಅದರ ಮೇಲೇ ಸಾಲ್ಡರ್ ಮಾಡಬಹುದು. ಸಾಲ್ಡರ್ ನಡುವಿನಿಂದ ಶುರುಮಾಡಿ ಎಡಕ್ಕೊಂದು ಬಲಕ್ಕೊಂದು ಹಾಕುತ್ತ ಹೋಗಿ. ಒಂದೇ ಹಳಿಯನ್ನು ಒಂದೇ ಉಸಿರಿಗೆ ಮುಗಿಸಿದರೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಕೆಳಗೆ ಎರಡು ಹಿತ್ತಾಳೆ ಪಟ್ಟಿಗಳನ್ನು ನಿಲುವಾಗಿ ಕೊಟ್ಟರೆ ಬಿಗಿ ಬರುತ್ತದೆ, ತೊಲೆಯಂತೆಯೂ ಕಾಣುತ್ತದೆ. ಅವು ತಾಮ್ರಕ್ಕೆ ತಾಗದಿರಲಿ.

ಇಲ್ಲಿ ಅನೇಕರು ಎಡವುವುದು ಮೂಲೆಗಳಲ್ಲಿ. ಸೇತುವೆಯ ಅರ್ಧ ಉದ್ದ 99.5 ಮಿ.ಮೀ., ಗುಂಡಿಯ ತ್ರಿಜ್ಯ 100, ಅರ್ಧ ಮಿ.ಮೀ. ಸಂದು ಇದೆ ಅನ್ನಿಸುತ್ತದೆ. ಆದರೆ ಪಟ್ಟಿಯ ಮೂಲೆ ನಡುಗೆರೆಯಿಂದ 15 ಮಿ.ಮೀ. ಪಕ್ಕದಲ್ಲಿದೆ, ಕೇಂದ್ರದಿಂದ ಮೂಲೆಗೆ ಇರುವ ದೂರ 100.6 ಮಿ.ಮೀ. ಅಂದರೆ ಸೇತುವೆ ತಿರುಗುವುದೇ ಇಲ್ಲ. ತುದಿಗಳನ್ನು ಕಮಾನಾಗಿ ಅರದಿಂದ ಉಜ್ಜಿ, ಇಲ್ಲವೇ ಮೂಲೆಯಲ್ಲಿ ಒಂದೂಕಾಲು ಮಿ.ಮೀ. ತೆಗೆಯಿರಿ. ಹಳಿಯ ಹೊರ ಅಂಚು ಕೂಡ ಒಳ ಅಂಚಿಗಿಂತ ಸುಮಾರು 0.1 ಮಿ.ಮೀ. ದೊಡ್ಡ ವೃತ್ತದಲ್ಲಿ ಓಡುತ್ತದೆ. ಅದಕ್ಕೂ ಅರದ ಒಂದೆರಡು ಎಳೆತ ಬೇಕು.

ಹಳಿಗಳನ್ನು ಮೊದಲೇ ಅಳತೆಗೆ ಕತ್ತರಿಸಿ ಎದುರುಬದುರು ಹೊಂದಿಸಲು ಹೋಗಬೇಡಿ. ಸೇತುವೆಯನ್ನು ಒಂದು ದಾರಿಗೆ (ಅಂಚಿಗೆ ಬರುವ ಹಳಿಜೋಡಿಗೆ) ನೇರ ನಿಲ್ಲಿಸಿ, ಅಲುಗದಂತೆ ಬೆಣೆ ಕೊಟ್ಟು, ಸೇತುವೆಯಿಂದ ಅಂಚಿನವರೆಗೆ ಒಂದೇ ಅಖಂಡ ಹಳಿ ಹಾಸಿ ಎರಡೂ ಕಡೆ ಸಾಲ್ಡರ್ ಮಾಡಿ. ಅಂಚಿನ ಕಡೆ ಹಳಿ ಕೂರಲು ತಾಮ್ರ ಹೊದಿಕೆಯ ಸ್ಲೀಪರ್‌ಗಳನ್ನು ಎಪಾಕ್ಸಿಯಲ್ಲಿ ಅಂಟಿಸಿರಬೇಕು. ಪ್ಲಾಸ್ಟಿಕ್ ಸ್ಲೀಪರ್ ತುದಿಯನ್ನು ಹಿಡಿದಿಡಲಾರದು. ಎಲ್ಲ ತಣ್ಣಗಾದ ಮೇಲೆ ತೆಳು ಗರಗಸದಿಂದ ಅಂಚಿನಲ್ಲಿ ಕತ್ತರಿಸಿ. 0.3 ಮಿ.ಮೀ. ಸೀಳಿನ ಎರಡೂ ಬದಿ ಒಂದೇ ಹಳಿಯಾಗಿದ್ದವು, ಆದ್ದರಿಂದ ಎತ್ತರದಲ್ಲೂ ಸಾಲಿನಲ್ಲೂ ತಪ್ಪಲು ಕಾರಣವೇ ಇಲ್ಲ. ಉಳಿದ ದಾರಿಗಳಿಗೆ ಈ ಸೇತುವೆಯೇ ಅಚ್ಚು: ಪ್ರತಿ ದಾರಿಗೂ ಸೇತುವೆಯನ್ನು ತಿರುಗಿಸಿ ನಿಲ್ಲಿಸಿ, ಚಪ್ಪಟೆ ಉಕ್ಕಿನ ಪಟ್ಟಿಯಿಂದ ಸಾಲು ನೋಡಿ ಹಳಿ ಕೂರಿಸಿ.

ಸೇತುವೆಯ ಎರಡು ತುದಿಗಳ ಕೆಳಗೆ ಪುಟ್ಟ ಚಕ್ರಗಳು, ಗುಂಡಿಯೊಳಗೆ ಅವುಗಳಿಗೊಂದು ಉಂಗುರ ಹಳಿ — ಇದು ಬೇಕೇ? 300 ಗ್ರಾಂ ತೂಕದ ಎಂಜಿನ್ ಒಂದು ತುದಿ ಹತ್ತಿದಾಗ ಸೇತುವೆ ಬಗ್ಗದಿರಲು ಬೇಕು. ಆದರೆ ಚಕ್ರಗಳು ಸದಾ ಒತ್ತಿಕೊಂಡಿದ್ದರೆ ಉಂಗುರದ ಪ್ರತಿ ಉಬ್ಬು ಸೇತುವೆಯನ್ನು ತಡೆಯುತ್ತದೆ, ತಿರುಗುವಿಕೆ ಜಗ್ಗುಜಗ್ಗಾಗುತ್ತದೆ. ಚಕ್ರಕ್ಕೂ ಉಂಗುರಕ್ಕೂ ನಡುವೆ ಒಂದು ತೆಳು ಕಾಗದ ಸರಿದಾಡುವಷ್ಟು ಜಾಗ ಬಿಡಿ. ಭಾರ ಹೊರುವುದು ಬೇರಿಂಗ್, ಬಗ್ಗಿದರೆ ಹಿಡಿಯುವುದು ಚಕ್ರ.

ತಿರುಗಿಸುವುದು ಹೇಗೆ

ನಾಲ್ಕು ದಾರಿಗಳವರೆಗೆ ಕೈಹಿಡಿಯೇ ಸಾಕು, ನಿಜ ಹೇಳಬೇಕೆಂದರೆ ಅದೇ ಚೆಂದ. ಬೋರ್ಡಿನ ಮುಂಭಾಗದಿಂದ ಒಂದು ಸರಳು, ಅದರ ತುದಿಗೆ ಸ್ಕ್ರೂವಿನಂಥ ವರ್ಮ್ ಗೇರ್, ಶಾಫ್ಟಿನ ಮೇಲೆ 30ರಿಂದ 60 ಹಲ್ಲಿನ ಚಕ್ರ. ವರ್ಮ್ ಹಿಮ್ಮುಖವಾಗಿ ತಿರುಗದ ಕಾರಣ ಸೇತುವೆ ಬಿಟ್ಟಲ್ಲೇ ನಿಲ್ಲುತ್ತದೆ. ನಿಖರತೆಗೆ ಅಗುಳಿ: ಸೇತುವೆಯ ತುದಿಯಲ್ಲಿ ಜಾರುವ 1.5 ಮಿ.ಮೀ. ಹಿತ್ತಾಳೆ ಸರಳು, ಪ್ರತಿ ದಾರಿಯ ಅಂಚಿನಲ್ಲಿ ಅದು ತೂರುವ ಪುಟ್ಟ ಕೊಳವೆ. ಅಗುಳಿ ಹಾಕಿದರೆ ಹಳಿ ಸಾಲಾಗಲೇಬೇಕು.

ಮೋಟರು ಬೇಕೆನ್ನುವವರು ಸಾಮಾನ್ಯವಾಗಿ ಹಿಡಿಯುವುದು 28ಬಿವೈಜೆ-48 ಎಂಬ 5 ವೋಲ್ಟಿನ ಅಗ್ಗದ ಸ್ಟೆಪ್ಪರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟರು) ಮತ್ತು ಅದನ್ನು ನಡೆಸಲು ಆರ್ಡುವಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು. ಇದರಲ್ಲೊಂದು ಗುಟ್ಟಿನ ಹೊಂಡವಿದೆ. ಗೇರಿನ ಅನುಪಾತ 64:1, ಆದ್ದರಿಂದ ಒಂದು ಸುತ್ತಿಗೆ 4096 ಅರೆಹೆಜ್ಜೆ ಎಂದು ಎಲ್ಲೆಡೆ ಬರೆದಿರುತ್ತದೆ. ಒಳಗಿನ ಹಲ್ಲುಗಳ ಲೆಕ್ಕದ ಪ್ರಕಾರ ಅನುಪಾತ ಸುಮಾರು 63.68:1, ಹೆಜ್ಜೆಗಳು 4076ಕ್ಕೆ ಸಮೀಪ. 4096 ಎಂದು ಬರೆದರೆ ಪ್ರತಿ ಸುತ್ತಿಗೂ ಸುಮಾರು 1.8 ಡಿಗ್ರಿ, ಅಂಚಿನಲ್ಲಿ 3 ಮಿ.ಮೀ. ಹೆಚ್ಚು ಓಡುತ್ತದೆ. ಮೊದಲ ದಿನ ಸರಿಯಿದ್ದದ್ದು ನಾಲ್ಕು ಸುತ್ತಾದ ಮೇಲೆ ಯಾಕೆ ತಪ್ಪಿತು ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇದು. ಜೊತೆಗೆ ಆ ಗೇರುಗಳಲ್ಲಿ ಕಣ್ಣಿಗೆ ಕಾಣುವಷ್ಟು ಸಡಿಲವಿದೆ.

ನೆಮಾ 17 ಎಂಬ ಇನ್ನೊಂದು ಬಗೆಯ ಸ್ಟೆಪ್ಪರ್‌ಗೆ ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ. ಅದನ್ನೇ ನೇರ ಶಾಫ್ಟಿಗೆ ಜೋಡಿಸಿದರೆ ಒಂದು ಹೆಜ್ಜೆಗೆ ಅಂಚು 3.1 ಮಿ.ಮೀ. ಜಿಗಿಯುತ್ತದೆ. ಮೈಕ್ರೋಸ್ಟೆಪ್ ಮಾಡಿ, ಅಂದರೆ ಹೆಜ್ಜೆಯನ್ನೇ ಭಾಗಗಳಾಗಿ ಒಡೆದು, ಸಣ್ಣದಾಗಿಸಬಹುದು, ಆದರೆ ಭಾರ ಬಿದ್ದಾಗ ಮೈಕ್ರೋಸ್ಟೆಪ್ ನಿಂತ ಜಾಗವನ್ನು ನಂಬುವಂತಿಲ್ಲ, ವಿದ್ಯುತ್ ತೆಗೆದರೆ ಜಾರುತ್ತದೆ. 30:1 ವರ್ಮ್ ಹಾಕಿದರೆ ಸುತ್ತಿಗೆ 6000 ಪೂರ್ಣ ಹೆಜ್ಜೆ, ಅಂಚಿನಲ್ಲಿ ಹೆಜ್ಜೆಗೆ 0.1 ಮಿ.ಮೀ. ನಿಂತ ಮೇಲೆ ಮೋಟರಿನ ವಿದ್ಯುತ್ ಕಡಿದರೂ ಅಲುಗದು, ಬಿಸಿಯೂ ಆಗದು. ಸೇತುವೆಯ ಕೆಳಗೊಂದು ಪುಟ್ಟ ಆಯಸ್ಕಾಂತ, ಗುಂಡಿಯ ತಳದಲ್ಲಿ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇಟ್ಟು, ಶುರುವಾದಾಗಲೆಲ್ಲ ಮೊದಲು ಆ ಗುರುತನ್ನು ಹುಡುಕುವಂತೆ ಬರೆಯಿರಿ. ಗೇರಿನ ಸಡಿಲಕ್ಕೆ ಮದ್ದು ಸುಲಭ: ಪ್ರತಿ ನಿಲುಗಡೆಗೂ ಒಂದೇ ದಿಕ್ಕಿನಿಂದ ಬರಬೇಕು. ಎದುರು ದಿಕ್ಕಿನಿಂದ ಬಂದರೆ ಎರಡು ಡಿಗ್ರಿ ಮುಂದೆ ಹೋಗಿ ಹಿಂತಿರುಗಲಿ. ಸೆನ್ಸರಿನ ಗುರುತು ಹುಡುಕುವಾಗಲೂ ಇದೇ ನಿಯಮ.

ವೇಗ? ಪೂರ್ತಿ ಸುತ್ತಿಗೆ ಒಂದು ನಿಮಿಷಕ್ಕಿಂತ ಕಡಿಮೆ ಆದರೆ ಆಟಿಕೆಯಂತೆ ಕಾಣುತ್ತದೆ. ನಿಜವಾದವುಗಳಲ್ಲಿ ಎಂಜಿನ್ನಿನ ತೂಕ ನಡುಗಂಬದ ಎರಡೂ ಕಡೆ ಸಮನಾಗುವಂತೆ ನಿಲ್ಲಿಸಿ, ಜನ ಕೈಯಿಂದ ತಳ್ಳುತ್ತಿದ್ದರು. ಕೆಲವು ಕಡೆ ಎಂಜಿನ್ನಿನದೇ ನಿರ್ವಾತ ಬ್ರೇಕಿನ ಕೊಳವೆ ಜೋಡಿಸಿ ತಿರುಗಿಸುವ ಯಂತ್ರವೂ ಇತ್ತು.

ವಿದ್ಯುತ್ ತಿರುವುಮುರುವು

ಸೇತುವೆ ಅರ್ಧ ಸುತ್ತು ತಿರುಗಿದಾಗ ಅದರ ಎಡಹಳಿ ಬಲಕ್ಕೆ ಬರುತ್ತದೆ. ಸೇತುವೆಯ ವೈರು ಹಾಗೇ ಇದ್ದರೆ ಈಗ ಧನ ಹಳಿಯ ಎದುರು ಋಣ ಹಳಿ. ಚಕ್ರವೊಂದು ಸೀಳನ್ನು ದಾಟಿದ ಕ್ಷಣ ಶಾರ್ಟ್. ಡಿಸಿ ಇರಲಿ, ಡಿಸಿಸಿ (ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ವ್ಯವಸ್ಥೆ) ಇರಲಿ, ಈ ಸಮಸ್ಯೆ ತಪ್ಪದು.

ಕೈಹಿಡಿಯ ಟರ್ನ್‌ಟೇಬಲ್‌ಗೆ ಅಗುಳಿಯೇ ಪರಿಹಾರ. ಒಂದರ ಬದಲು ಎರಡು ಅಗುಳಿ ಹಾಕಿ, ಹಳಿಗೊಂದರಂತೆ. ಪ್ರತಿ ದಾರಿಯ ಎರಡು ಕೊಳವೆಗಳಿಗೆ ಆ ದಾರಿಯ ಎರಡು ಹಳಿಗಳ ವೈರು. ಅಗುಳಿ ತೂರಿದರೆ ಸೇತುವೆ ಎದುರಿನ ದಾರಿಯಿಂದಲೇ ವಿದ್ಯುತ್ ಪಡೆಯುತ್ತದೆ, ಧ್ರುವ ತಾನಾಗಿ ಹೊಂದುತ್ತದೆ. ಅಗುಳಿ ಹಾಕದಿದ್ದರೆ ಎಂಜಿನ್ ಕದಲುವುದೇ ಇಲ್ಲ. ಸೇತುವೆಯ ಎರಡೂ ತುದಿಗೆ ಅಗುಳಿಜೋಡಿ ಬೇಕು, ಆದರೆ ಒಮ್ಮೆಗೆ ಒಂದೇ ತುದಿಯದನ್ನು ಹಾಕಬೇಕು.

ಮೋಟರಿನದಕ್ಕೆ ಸಾಂಪ್ರದಾಯಿಕ ಉಪಾಯ ಸೀಳುಂಗುರ: ಶಾಫ್ಟಿನ ಸುತ್ತ ಎರಡು ಅರ್ಧವೃತ್ತದ ತಾಮ್ರದ ಪಟ್ಟಿ, ಅವುಗಳ ಮೇಲೆ ಜಾರುವ ಫಾಸ್ಫರ್ ಕಂಚಿನ ಎರಡು ನಾಲಿಗೆ. ಎರಡು ಅರ್ಧಗಳ ನಡುವಿನ ಸಂದು ನಾಲಿಗೆಯ ಅಗಲಕ್ಕಿಂತ ಹೆಚ್ಚಿರಲೇಬೇಕು, ಇಲ್ಲವಾದರೆ ದಾಟುವಾಗ ನಾಲಿಗೆಯೇ ಶಾರ್ಟ್ ಮಾಡುತ್ತದೆ. ಸಂದು ಬರುವ ಕೋನದಲ್ಲಿ ಯಾವ ದಾರಿಯೂ ಇರಕೂಡದು. ಡಿಸಿಸಿಯಲ್ಲಿ ಸೇತುವೆಗೆ ಆಟೋ ರಿವರ್ಸರ್ ಕೊಟ್ಟರೆ ಸಾಕು. ಅದು ಶಾರ್ಟನ್ನು ಗುರುತಿಸಿ ಸೇತುವೆಯ ಧ್ರುವವನ್ನು ಮಾತ್ರ ಅದಲುಬದಲು ಮಾಡುತ್ತದೆ. ಒಂದೇ ಎಚ್ಚರ: ಎಂಜಿನ್ ಎರಡೂ ತುದಿಯ ಸೀಳುಗಳನ್ನು ಒಟ್ಟಿಗೆ ದಾಟುವಂತಿದ್ದರೆ, ಎದುರುಬದುರಿನ ದಾರಿಗಳ ಧ್ರುವ ಬೇರೆಬೇರೆಯಾಗಿದ್ದಾಗ ರಿವರ್ಸರ್ ಎತ್ತ ಹೋಗಬೇಕೆಂದು ತಿಳಿಯದೆ ಸೋಲುತ್ತದೆ.

ಪುಟ್ಟ ಟರ್ನ್‌ಟೇಬಲ್‌ಗೆ ಇದಕ್ಕಿಂತ ಸರಳ ದಾರಿಯೊಂದಿದೆ, ಯಾಕೋ ಅದನ್ನು ಬಳಸುವವರು ಕಡಿಮೆ. ಯಾವ ದಾರಿಯನ್ನೂ ಒಂದು ಸುತ್ತಿನೊಳಗೆ ತಲುಪಬಹುದು, ಸೇತುವೆ ಒಂದೇ ದಿಕ್ಕಿನಲ್ಲಿ ಸುತ್ತುತ್ತಲೇ ಇರಬೇಕಾಗಿಲ್ಲ. ಹಾಗಿದ್ದ ಮೇಲೆ ಉಂಗುರ, ನಾಲಿಗೆ ಯಾಕೆ? 0.2 ಚದರ ಮಿ.ಮೀ.ಯ ಮೆತ್ತನೆಯ ಸಿಲಿಕೋನ್ ವೈರು ಎರಡನ್ನು ಶಾಫ್ಟಿನ ಕೊಳವೆಯಿಂದ ಇಳಿಸಿ, ಕೆಳಗೆ 150 ಮಿ.ಮೀ. ಸಡಿಲ ಬಿಟ್ಟು, ಪ್ರೋಗ್ರಾಮ್‌ನಲ್ಲಿ ಒಟ್ಟು ತಿರುಗುವಿಕೆಯನ್ನು 360 ಡಿಗ್ರಿಗೆ ಮಿತಿಗೊಳಿಸಿ. ಧ್ರುವ ಬದಲಿಸಲು ಆರ್ಡುವಿನೊದಿಂದಲೇ ನಡೆಯುವ ಒಂದು ಡಬಲ್ ಪೋಲ್ ರಿಲೇ (ಎರಡೂ ವೈರುಗಳನ್ನು ಒಟ್ಟಿಗೆ ಬದಲಿಸುವ ವಿದ್ಯುತ್ ಸ್ವಿಚ್). ರಿಲೇ ಬದಲಾಗುವುದು ಎಂಜಿನ್ ನಿಂತಿರುವಾಗ ಮಾತ್ರ ಆಗಬೇಕು. ಉಜ್ಜಿ ಸವೆಯುವ ಭಾಗವೇ ಇದರಲ್ಲಿಲ್ಲ.

ಡಿಸಿ ಲೇಔಟ್‌ನಲ್ಲಿ ಶೆಡ್ಡಿನ ಪ್ರತಿ ಹಳಿಗೂ ಬೇರೆ ಸ್ವಿಚ್ ಬೇಕೆಂಬುದನ್ನು ಮರೆಯಬಾರದು. ಇಲ್ಲವಾದರೆ ಒಂದನ್ನು ಕರೆದರೆ ಐದೂ ಹೊರಡುತ್ತವೆ.

ಪರೀಕ್ಷೆ, ತಪ್ಪುಗಳ ಗುರುತು

ಮೊದಲು ಭಾರದ ಒಂದು ವ್ಯಾಗನ್ನನ್ನು ಕೈಯಿಂದ ತಳ್ಳಿ ಪ್ರತಿ ದಾರಿಯಲ್ಲೂ, ಸೇತುವೆಯ ಎರಡೂ ತುದಿಯಿಂದಲೂ ಹಾಯಿಸಿ. ಆಮೇಲೆ ಎಂಜಿನ್ನನ್ನು ತೆವಳುವ ವೇಗದಲ್ಲಿ.

ಎ ತುದಿ ಎಲ್ಲ ದಾರಿಗಳಿಗೂ ಸರಿ, ಬಿ ತುದಿ ಎಲ್ಲದಕ್ಕೂ ಒಂದೇ ಅಳತೆಯಲ್ಲಿ ತಪ್ಪುತ್ತಿದ್ದರೆ ಮೋಟರನ್ನು ಬೈಯಬೇಡಿ. ಹಳಿಗಳ ನಡುಗೆರೆ ಶಾಫ್ಟಿನ ನೇರ ಮೇಲಿಲ್ಲ. 0.2 ಮಿ.ಮೀ. ಸರಿದಿದ್ದರೆ ತಿರುಗಿಸಿದಾಗ 0.4 ತಪ್ಪು. ಮೋಟರಿನ ಟರ್ನ್‌ಟೇಬಲ್‌ನಲ್ಲಿ ಪ್ರತಿ ದಾರಿಗೂ ಎರಡು ತುದಿಯ ಸ್ಥಾನಗಳನ್ನು ಬೇರೆಬೇರೆಯಾಗಿ ಬರೆದಿಟ್ಟರೆ ಸಾಕು. ಆರು ದಾರಿಗೆ ಹನ್ನೆರಡು ಸ್ಥಾನ. ಆಗ ಉಳಿಯುವ ಓರೆ 0.2 ಡಿಗ್ರಿಯ ಆಸುಪಾಸು, ಚಕ್ರಕ್ಕೆ ಗೊತ್ತಾಗದು. ಅಗುಳಿಯದಾದರೆ ಸೇತುವೆಯ ಹಳಿ ಬಿಚ್ಚಿ ಮತ್ತೆ ಹಾಕುವುದೊಂದೇ ದಾರಿ. ತಪ್ಪು ದಾರಿಯಿಂದ ದಾರಿಗೆ ಬೆಳೆಯುತ್ತ ಹೋದರೆ ಹೆಜ್ಜೆಗಳ ಲೆಕ್ಕ ತಪ್ಪಿದೆ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಪ್ಪಿದರೆ ಗೇರಿನ ಸಡಿಲ. ಒಂದೇ ದಾರಿಯಲ್ಲಿ ಎತ್ತರ ತಪ್ಪಿದರೆ ಆ ದಾರಿಯ ಸ್ಲೀಪರ್ ಎದ್ದಿದೆ. ಎದುರುಬದುರು ದಿಕ್ಕಿನಲ್ಲಿ ಏರು ಮತ್ತು ತಗ್ಗು ಕಂಡರೆ ಶಾಫ್ಟ್ ವಾಲಿದೆ.

ಬಣ್ಣ, ಜಲ್ಲಿ ಇದೆಲ್ಲ ಮುಗಿದ ಮೇಲೆ. ಜಲ್ಲಿಗೆ ಹಾಕುವ ನೀರಾದ ಅಂಟು ಗುಂಡಿಯ ತಳದಿಂದ ಹರಿದು ಮೇಲಿನ ಬೇರಿಂಗಿಗೆ ಇಳಿದರೆ ಅದು ಮತ್ತೆ ತಿರುಗುವುದಿಲ್ಲ. ಆದ್ದರಿಂದ ಸೇತುವೆ ತೆಗೆದು, ಬೇರಿಂಗಿನ ಮೇಲೆ ಟೇಪ್ ಹಚ್ಚಿ, ಗುಂಡಿಗೆ ಒಣ ಪುಡಿಯನ್ನು ಮೊದಲೇ ಬಳಿದ ಬಣ್ಣದ ಮೇಲೆ ಉದುರಿಸಿ. ಅಂಚಿನ ಕೊನೆಯ 10 ಮಿ.ಮೀ.ಗೆ ಸಡಿಲ ಜಲ್ಲಿ ಬೇಡವೇ ಬೇಡ, ಒಂದು ಕಾಳು ಸೀಳಿಗೆ ಬಿದ್ದರೆ ಸೇತುವೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.